ಹುಟ್ಟಿನ ತೂಕ, ಹೊಟ್ಟೆಯ ಸುತ್ತಳತೆ, ಜೀವಕೋಶದ ವಯಸ್ಸು

(ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ತೂಕ ಜಾಸ್ತಿಯಾದರೆ ಬೇಗ ವಯಸ್ಸಾಗುತ್ತದೆಯೇ? ಸಂಘಟಕರು ನನ್ನ ಮುಂದಿಟ್ಟ ಪ್ರಶ್ನೆ ಇದು. ಹೌದು, ಆಗುತ್ತದೆ ಎಂದು ಹೇಳಿ ಕೂತುಬಿಡಬಹುದು. ಆದರೆ ನಮ್ಮ ಸೀಮೆಯವರಿಗೆ ಆ ಉತ್ತರ ಅರ್ಧ ಮಾತ್ರ. ಇಲ್ಲಿ ಹುಟ್ಟಿ ಬೆಳೆದವರ ವಿಷಯದಲ್ಲಿ ಎರಡು ತೂಕಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ತಾಯಿಯ ಹೊಟ್ಟೆಯಿಂದ ಬಂದ ದಿನದ ತೂಕ ಒಂದು, ನಲವತ್ತು ದಾಟಿದ ಮೇಲಿನ ತೂಕ ಇನ್ನೊಂದು. ಮೊದಲನೆಯದು ಕಡಿಮೆಯಿದ್ದು ಎರಡನೆಯದು ಏರಿದಾಗ ದೇಹ ಬೇಗ ಸವೆಯುತ್ತದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಜೀವಶಾಸ್ತ್ರದ ಮೇಷ್ಟರಾಗಿ ನನಗೆ ಈ ಸಂಗತಿಯ ಮೇಲೆ ಇರುವಷ್ಟು ಅಭಿಮಾನ, ಕಳವಳ ಬೇರೆ ಯಾವುದರ ಮೇಲೂ ಇಲ್ಲ.

ಮೊದಲು ಜೀವಕೋಶದ ವಿಷಯ. 1961ರಲ್ಲಿ ಅಮೆರಿಕದ ಲೆನರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮನುಷ್ಯನ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಒಂದು ಸಂಗತಿ ಕಂಡುಕೊಂಡರು. ಒಂದು ಎರಡಾಗಿ, ಎರಡು ನಾಲ್ಕಾಗಿ ಸುಮಾರು 50 ಸಲ ಒಡೆದ ಮೇಲೆ ಕೋಶಗಳು ಒಡೆಯುವುದನ್ನು ನಿಲ್ಲಿಸಿಬಿಡುತ್ತಿದ್ದವು. ಸಾಯುತ್ತಿರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. ಅವು ಎಣಿಕೆ ಇಟ್ಟುಕೊಳ್ಳುವುದು ಹೇಗೆಂದು ಆಗ ತಿಳಿದಿರಲಿಲ್ಲ. ಉತ್ತರ ಸಿಕ್ಕಿದ್ದು ವರ್ಣತಂತುಗಳ ತುದಿಯಲ್ಲಿ. ತೆಂಗಿನ ನಾರಿನ ಹಗ್ಗ ಹೊಸೆಯುವವರು ಕೊನೆಗೆ ತುದಿಗೊಂದು ಗಂಟು ಹಾಕುತ್ತಾರೆ, ಇಲ್ಲದಿದ್ದರೆ ಹುರಿ ಬಿಚ್ಚಿಕೊಳ್ಳುತ್ತದೆ. ನಮ್ಮ ವರ್ಣತಂತುಗಳ ತುದಿಗೂ ಅಂಥದೊಂದು ರಕ್ಷೆ ಇದೆ. ಅದರ ಹೆಸರು ಟೆಲೊಮಿಯರ್. ಮನುಷ್ಯರಲ್ಲಿ ಅದು ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳು ಸಾವಿರಾರು ಸಲ ಮರುಕಳಿಸುವ ಡಿಎನ್‌ಎ ತುಣುಕು. ಕೋಶ ಒಡೆದಾಗಲೆಲ್ಲ ಈ ತುದಿ ಸ್ವಲ್ಪ ಸವೆಯುತ್ತದೆ. ತೀರಾ ಗಿಡ್ಡವಾದಾಗ ಕೋಶ ತನ್ನ ಡಿಎನ್‌ಎ ತುಂಡಾಗಿದೆಯೆಂದು ತಿಳಿದು ಒಡೆಯುವುದನ್ನು ನಿಲ್ಲಿಸುತ್ತದೆ. ಈ ತುದಿಯ ರಹಸ್ಯವನ್ನೂ, ಅದನ್ನು ಮತ್ತೆ ಕಟ್ಟುವ ಟೆಲೊಮರೇಸ್ ಎಂಬ ಕಿಣ್ವವನ್ನೂ ಬಿಡಿಸಿ ಹೇಳಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ ಅವರಿಗೆ 2009ರ ನೊಬೆಲ್ ಬಂತು.

ರಕ್ತದ ಬಿಳಿ ಕಣಗಳಲ್ಲಿ ಟೆಲೊಮಿಯರಿನ ಉದ್ದವನ್ನು ಅಳೆಯಬಹುದು. ವಯಸ್ಕರಲ್ಲಿ ವರ್ಷಕ್ಕೆ ಸರಾಸರಿ 20ರಿಂದ 40 ಅಕ್ಷರಗಳಷ್ಟು ಸವೆತ ಕಾಣುತ್ತದೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಟಿಮ್ ಸ್ಪೆಕ್ಟರ್ ತಂಡ 1,122 ಹೆಂಗಸರ ರಕ್ತವನ್ನು ಹೀಗೆ ಪರೀಕ್ಷಿಸಿ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ತೆಳ್ಳಗಿನವರಿಗೂ ಬೊಜ್ಜಿನವರಿಗೂ ಟೆಲೊಮಿಯರ್ ಉದ್ದದಲ್ಲಿದ್ದ ಅಂತರ 8.8 ವರ್ಷಗಳ ಸವೆತಕ್ಕೆ ಸಮವಾಗಿತ್ತು. ಸಿಗರೇಟು ಸೇದುವವರಲ್ಲೂ ಇಂಥದೇ ಸವೆತ ಕಂಡಿತು. ಇದು ಸರಾಸರಿಯ ಮಾತು. ಒಬ್ಬೊಬ್ಬರ ಆಯಸ್ಸನ್ನು ಇದರಿಂದ ಲೆಕ್ಕ ಹಾಕಲಾಗದು.

ಕೊಬ್ಬು ಈ ಸವೆತವನ್ನು ಹೇಗೆ ಜೋರು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಚರ್ಮದ ಕೆಳಗೆ, ತೊಡೆ ನಿತಂಬಗಳಲ್ಲಿ ಇರುವ ಕೊಬ್ಬು ಬಹುಮಟ್ಟಿಗೆ ಸಾಧು. ಅಲ್ಲಿ ಜಾಗ ಸಾಲದಾದಾಗ ಹೆಚ್ಚುವರಿ ಕೊಬ್ಬು ಕರುಳಿನ ಸುತ್ತ, ಯಕೃತ್ತಿನ ಒಳಗೆ, ಮಾಂಸಖಂಡಗಳ ನಡುವೆ ಸೇರಿಕೊಳ್ಳುತ್ತದೆ. ಕೊಬ್ಬಿನ ಕೋಶ ಉಬ್ಬುತ್ತಾ ಉಬ್ಬುತ್ತಾ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲವಾದಾಗ ರಕ್ತದಿಂದ ಬರುವ ಆಮ್ಲಜನಕ ಅದರ ಆಚೆ ಬದಿಗೆ ಸರಿಯಾಗಿ ಮುಟ್ಟುವುದಿಲ್ಲ. ಕೋಶ ಸಂಕಟದ ಸಂಕೇತಗಳನ್ನು ಕಳಿಸುತ್ತದೆ. ಸತ್ತ ಕೋಶಗಳನ್ನು ತಿಂದು ಚೊಕ್ಕಟ ಮಾಡುವ ಭಕ್ಷಕ ಕಣಗಳು ಬಂದು ಸುತ್ತುವರಿದು, ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಗಾಯವಿಲ್ಲ, ಸೋಂಕಿಲ್ಲ, ಜ್ವರವೂ ಇಲ್ಲ. ಆದರೂ ಮೈಯೊಳಗೆ ಸಣ್ಣ ಉರಿ ವರ್ಷಗಟ್ಟಲೆ ಆರದೆ ಇರುತ್ತದೆ. ಮೂಳೆಯ ಮಜ್ಜೆ ಹೆಚ್ಚು ಹೆಚ್ಚು ಬಿಳಿ ಕಣಗಳನ್ನು ಹುಟ್ಟಿಸಬೇಕಾಗುತ್ತದೆ. ಹೆಚ್ಚು ಸಲ ಒಡೆದಷ್ಟೂ ತುದಿ ಸವೆಯುತ್ತದೆ. ಉರಿಯೂತದಲ್ಲಿ ಹುಟ್ಟುವ ಆಮ್ಲಜನಕದ ಚುರುಕು ಅಣುಗಳಿಗೆ ಡಿಎನ್‌ಎಯ ‘ಜಿ’ ಅಕ್ಷರ ಸುಲಭದ ಗುರಿ. ಟೆಲೊಮಿಯರಿನಲ್ಲಿ ಆರಕ್ಕೆ ಮೂರು ಅಕ್ಷರ ‘ಜಿ’ಯೇ.

ಇನ್ನೂ ಒಂದು ಕೆಡುಕಿದೆ. ಒಡೆಯುವುದನ್ನು ನಿಲ್ಲಿಸಿದ ಕೋಶಗಳು ಸುಮ್ಮನೆ ಕೂರುವುದಿಲ್ಲ, ತಾವೇ ಉರಿಯೂತದ ರಸಗಳನ್ನು ಸುರಿಸುತ್ತಾ ಪಕ್ಕದ ಒಳ್ಳೆಯ ಕೋಶಗಳನ್ನೂ ಮುಪ್ಪಿಗೆ ಎಳೆಯುತ್ತವೆ. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಕೊಬ್ಬಿದ ಇಲಿಗಳ ಕೊಬ್ಬಿನ ಊತಕದಲ್ಲೇ ಇಂಥ ಮುದಿ ಕೋಶಗಳು ತುಂಬಿರುವುದನ್ನೂ, ಅವುಗಳಿಂದಲೇ ಇನ್ಸುಲಿನ್‌ಗೆ ದೇಹ ಓಗೊಡದಂತಾಗುವುದನ್ನೂ ತೋರಿಸಿದರು. ಸಕ್ಕರೆ ಕಾಯಿಲೆಗೂ ಕೋಶದ ಮುಪ್ಪಿಗೂ ನಂಟು ಇರುವುದು ಇಲ್ಲಿಯೇ. ಮುಪ್ಪನ್ನು ಅಳೆಯುವ ಇನ್ನೊಂದು ವಿಧಾನವನ್ನು 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೀವ್ ಹೊರ್ವಾಥ್ ಕಂಡುಹಿಡಿದರು. ಡಿಎನ್‌ಎ ಮೇಲೆ ಅಂಟಿಕೊಳ್ಳುವ ಮೀಥೈಲ್ ಗುರುತುಗಳು ವಯಸ್ಸಿನೊಂದಿಗೆ ಬದಲಾಗುವ ಕ್ರಮ ನೋಡಿ ಒಂದೊಂದು ಅಂಗದ ವಯಸ್ಸನ್ನು ಅಂದಾಜು ಮಾಡುವ ವಿಧಾನ ಅದು. ಮರುವರ್ಷ ಅದೇ ಅಳತೆಯಿಂದ, ಬಿಎಂಐ 10 ಅಂಕ ಏರಿದರೆ ಯಕೃತ್ತು 3.3 ವರ್ಷ ಹೆಚ್ಚು ಮುದಿಯಾಗಿ ಕಾಣುತ್ತದೆಂದು ತಿಳಿಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೂಕ ಇಳಿಸಿದವರ ಯಕೃತ್ತು ಕೆಲವು ತಿಂಗಳಲ್ಲೇ ಮತ್ತೆ ಎಳೆಯದಾಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಬೊಜ್ಜು ಬಂದ ಮೇಲೆ ಇಳಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದೇ ಮೇಲು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಬಿಎಂಐ ಎಂದೆ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಸಂಖ್ಯೆ. 25 ದಾಟಿದರೆ ಹೆಚ್ಚು ತೂಕ ಎಂದು ಯುರೋಪಿನವರು ಇಟ್ಟುಕೊಂಡಿದ್ದಾರೆ. ನಮಗೆ 23 ದಾಟಿದರೇ ಎಚ್ಚರ ಬೇಕು ಎನ್ನುತ್ತಾರೆ ಭಾರತದ ವೈದ್ಯರು. ಇದರ ಹಿನ್ನೆಲೆಯಲ್ಲಿ ಒಂದು ಪ್ರಸಿದ್ಧ ಫೋಟೋ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಪ್ರೊ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡದ್ದು, 2004ರ ‘ಲ್ಯಾನ್ಸೆಟ್’ನಲ್ಲಿ ಬಂತು. ಇಬ್ಬರ ಬಿಎಂಐಯೂ 22.3. ಇಂಗ್ಲೆಂಡಿನವರ ಮೈಯಲ್ಲಿ ಕೊಬ್ಬು ಶೇ. 9.1, ನಮ್ಮವರದು ಶೇ. 21.2. ನೋಡಲು ಇಬ್ಬರೂ ತೆಳ್ಳಗೆ. ತಕ್ಕಡಿಗೆ ಇಬ್ಬರೂ ಒಂದೇ. ಒಳಗಿನ ಕಥೆ ಬೇರೆ.

ಹಾಗಾಗಿ ನಮ್ಮ ಜನಕ್ಕೆ ತಕ್ಕಡಿಗಿಂತ ಟೇಪು ಹೆಚ್ಚು ಸತ್ಯ ಹೇಳುತ್ತದೆ. ಬರಿಯ ಹೊಟ್ಟೆಯ ಮೇಲೆ, ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸರಿಯಾಗಿ ಮಧ್ಯದಲ್ಲಿ ಟೇಪು ಸುತ್ತಬೇಕು. ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಗೆ ಓದಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ನಮ್ಮ ಹೆಣ್ಣುಮಕ್ಕಳು ಲಂಗದ ಲಾಡಿ ಕಟ್ಟುವ ಜಾಗ ಇದಕ್ಕಿಂತ ಕೆಳಗಿರುತ್ತದೆ, ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಗಂಡಸರ ಪ್ಯಾಂಟಿನ ಸೈಜೂ ಹಾಗೆಯೇ. ಹತ್ತು ವರ್ಷದಿಂದ 34 ಸೈಜೇ ಹಾಕುತ್ತಿದ್ದೇನೆ ಎನ್ನುವವರ ಬೆಲ್ಟು ವರ್ಷವರ್ಷವೂ ಹೊಟ್ಟೆಯ ಕೆಳಗೆ ಜಾರಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರು, ಗಂಡಸರು ಇಬ್ಬರಲ್ಲೂ ಸುಮಾರು ಶೇ. 30 ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. 23ರ ಗಡಿ ಹಿಡಿದರೆ, ಟೇಪು ಹಿಡಿದರೆ ಸಂಖ್ಯೆ ಇನ್ನೂ ಮೇಲೇರುತ್ತದೆ.

ನಮ್ಮವರ ಮೈ ಹೀಗೇಕೆ? ಇದಕ್ಕೆ ಉತ್ತರ ಹುಡುಕಲು ಮೈಸೂರಿಗೆ ಹೋಗಬೇಕು.

ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳಬರು ಈಗಲೂ ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. 1934ರಿಂದ ಅದರ ಹೆರಿಗೆ ವಾರ್ಡಿನ ದಫ್ತರಗಳಲ್ಲಿ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ದಾಖಲಾಗುತ್ತಿತ್ತು. ತಾಯಿಯ ತೂಕವನ್ನೂ ಬರೆಯುತ್ತಿದ್ದರು. ಸ್ವಾತಂತ್ರ್ಯಕ್ಕೂ ಮುಂಚೆ, ತಕ್ಕಡಿಯೇ ಅಪರೂಪವಾಗಿದ್ದ ಕಾಲದಲ್ಲಿ, ಆ ನರ್ಸಮ್ಮಂದಿರು ಇಷ್ಟು ಅಚ್ಚುಕಟ್ಟಾಗಿ ಅಳೆದು ಬರೆದಿಟ್ಟರಲ್ಲ, ಅದಕ್ಕೆ ನಾವೆಲ್ಲ ಋಣಿಗಳು. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು, ಹಾರ್ಟ್‌ಫರ್ಡ್‌ಶೈರ್ ಪ್ರಾಂತದ ಹಳೆಯ ಜನನ ದಾಖಲೆಗಳಿಂದ, ಹುಟ್ಟುವಾಗ ಹಗುರವಿದ್ದವರು ಮುಂದೆ ಹೃದಯದ ಕಾಯಿಲೆಗೆ ಹೆಚ್ಚಾಗಿ ತುತ್ತಾಗುತ್ತಾರೆಂದು 1989ರಲ್ಲಿ ತೋರಿಸಿದ್ದರು. ಭಾರತದಲ್ಲೂ ಇದು ನಿಜವೇ ಎಂದು ನೋಡಲು ಬಾರ್ಕರ್ ತಂಡದ ಡಾ. ಕ್ಯಾರೊಲೈನ್ ಫಾಲ್ ಮೈಸೂರಿನ ಆ ದಫ್ತರಗಳನ್ನು ಆಧಾರ ಮಾಡಿಕೊಂಡರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಸುತ್ತಮುತ್ತಲೇ ವಾಸವಿದ್ದ 517 ಗಂಡಸರು ಹೆಂಗಸರನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು.

ಹುಟ್ಟಿನ ತೂಕ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11 ಮಂದಿಗೆ ಇತ್ತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇದ್ದವರಲ್ಲಿ ಶೇ. 3. ಕೂಸು ಹಗುರ, ಜೊತೆಗೆ ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂದಾದರೆ ಶೇ. 20. ಐವರಲ್ಲಿ ಒಬ್ಬರು! ಈ ಅಂಕಿಯನ್ನು ಓದುವಾಗಲೆಲ್ಲ ನನಗೆ 1940ರ ದಶಕದ ಆ ಬಸುರಿಯರು ಕಣ್ಣಿಗೆ ಕಟ್ಟುತ್ತಾರೆ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಂಡವರು. ಅವರು ಅವತ್ತು ಉಣ್ಣದೇ ಬಿಟ್ಟ ತುತ್ತು ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ನೋವಾಗಿ ಕಾಣಿಸಿತು.

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದರೆ ಮೈಸೂರಿನ ಚಿತ್ರ ಇನ್ನೂ ಜಟಿಲ. ಅದೇ ಗುಂಪಿನವರಲ್ಲಿ, ಹುಟ್ಟುವಾಗ ಗಿಡ್ಡಗೆ ದುಂಡಗೆ ಇದ್ದವರಲ್ಲಿ, ದಪ್ಪಗಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಎಂದರೆ ತಾಯಿ ಸೊರಗಿದರೂ ತೊಂದರೆ, ಬಸುರಿನಲ್ಲಿ ಸಕ್ಕರೆ ಏರಿದರೂ ತೊಂದರೆ. ಇದನ್ನು ಬಿಡಿಸಿ ನೋಡಲು 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನನ್ ಎಂಬ ಹೊಸ ಅಧ್ಯಯನ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಸಂಗಡಿಗರು ಆಗ ಹುಟ್ಟಿದ ಮಕ್ಕಳನ್ನು ಬೆಳೆದು ದೊಡ್ಡವರಾಗುವವರೆಗೂ ಬಿಡದೆ ಅಳೆಯುತ್ತಾ ಬಂದಿದ್ದಾರೆ. ಹುಟ್ಟಿದ ಕೂಸಿನ ಹೆಗಲಮೂಳೆಯ ಕೆಳಗಿನ ಚರ್ಮವನ್ನು ಹಿಡಿದು ಕ್ಯಾಲಿಪರ್‌ನಿಂದ ದಪ್ಪ ನೋಡುವ ಒಂದು ಅಳತೆ ಇದೆ. ಇಂಗ್ಲೆಂಡಿನ ಕೂಸಿನ ಜೊತೆ ಹೋಲಿಸಿದರೆ ಮೈಸೂರಿನ ಕೂಸು ತೂಕದಲ್ಲಿ, ಉದ್ದದಲ್ಲಿ, ತೋಳಿನ ಮಾಂಸದಲ್ಲಿ ಎಲ್ಲದರಲ್ಲೂ ಚಿಕ್ಕದು. ಆದರೆ ಆ ಬೆನ್ನಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಯಾಜ್ಞಿಕರ ಫೋಟೋದಲ್ಲಿ ಕಂಡ ಮೈಕಟ್ಟು ತೊಟ್ಟಿಲಲ್ಲೇ ಇದೆ! ಬಸುರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಕೊಬ್ಬು ಹೆಚ್ಚಿತ್ತು.

ಗರ್ಭದಲ್ಲಿ ಆಹಾರ ಸಾಲದಾದಾಗ ಮಗು ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ. ಮಾಂಸಖಂಡ, ಮೂತ್ರಪಿಂಡದ ಸೋಸುಕಗಳು, ಇನ್ಸುಲಿನ್ ಸುರಿಸುವ ಕೋಶಗಳು ಕಡಿಮೆ ಸಂಖ್ಯೆಯಲ್ಲಿ ತಯಾರಾಗುತ್ತವೆ. ಮೂತ್ರಪಿಂಡದ ಸೋಸುಕಗಳು ಹುಟ್ಟಿದ ಮೇಲೆ ಹೊಸದಾಗಿ ಹುಟ್ಟುವುದಿಲ್ಲ. ಇರುವ ಸ್ವಲ್ಪವೇ ಜೀವಮಾನವಿಡೀ ಹೆಚ್ಚು ದುಡಿಯಬೇಕು. ಹೆಚ್ಚು ದುಡಿದ ಕೋಶ ಬೇಗ ಸವೆಯುತ್ತದೆ. ಇದಕ್ಕೆ ಕೇಂಬ್ರಿಡ್ಜಿನಲ್ಲಿ 1999ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ತಾಯಿಯ ಹೊಟ್ಟೆಯಲ್ಲಿ ಸೊರಗಿ, ಹುಟ್ಟಿದ ಮೇಲೆ ಯಥೇಚ್ಛ ಹಾಲು ಸಿಕ್ಕಿ ದಿಢೀರನೆ ಮೈ ತುಂಬಿಕೊಂಡ ಗಂಡು ಇಲಿಗಳು ಬೇಗ ಸತ್ತವು, ಅವುಗಳ ಮೂತ್ರಪಿಂಡದ ಟೆಲೊಮಿಯರ್‌ಗಳು ಗಿಡ್ಡವಾಗಿದ್ದವು. ಹೊಟ್ಟೆಯಲ್ಲಿ ಚೆನ್ನಾಗಿ ಬೆಳೆದು, ಹಾಲು ಕುಡಿಯುವಾಗ ನಿಧಾನವಾಗಿ ಬೆಳೆದವು ಹೆಚ್ಚು ಕಾಲ ಬದುಕಿದವು. ಹಾಗೆಂದು ಕೂಸಿಗೆ ಹಾಲು ಕಡಿಮೆ ಮಾಡಿ ಎಂದು ಯಾರೂ ತಿಳಿಯಬಾರದು, ಎದೆಹಾಲು ಎಷ್ಟು ಕುಡಿದರೂ ಒಳ್ಳೆಯದೇ. ಎಚ್ಚರ ಬೇಕಾಗಿರುವುದು ಎರಡು ವರ್ಷ ದಾಟಿದ ಮೇಲೆ. ಹಗುರವಾಗಿ ಹುಟ್ಟಿದ ಮಗು ಗುಂಡುಗುಂಡಗೆ ಕಾಣಲಿ ಎಂದು ಬಿಸ್ಕತ್ತು, ಚಿಪ್ಸು, ಸಕ್ಕರೆ ಹಾಕಿದ ಹಾಲಿನ ಪುಡಿಗಳನ್ನು ಸುರಿಯುತ್ತೇವಲ್ಲ, ಆ ಪ್ರೀತಿ ಮಗುವಿಗೆ ಒಳ್ಳೆಯದಲ್ಲ. ಆ ವಯಸ್ಸಿನಲ್ಲಿ ಬೇಕಾದದ್ದು ಮೊಟ್ಟೆ, ಬೇಳೆ, ಕಾಳು, ಸೊಪ್ಪು, ರಾಗಿ, ಮಣ್ಣಲ್ಲಿ ಓಡಾಟ.

ಈಗ ನಮ್ಮೂರಿನ ಕಡೆ ಹಿಂತಿರುಗಿ ನೋಡಿ. ಇವತ್ತು ಐವತ್ತು ಅರವತ್ತರಲ್ಲಿ ಇರುವ ಎಷ್ಟೋ ಮಂದಿ ಮಳೆಯಿಲ್ಲದ ವರ್ಷಗಳಲ್ಲಿ, ಸೊರಗಿದ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದವರು. ಹೊಲ, ಕೆರೆ, ಕಟ್ಟಡದ ಕೆಲಸದಲ್ಲಿ ಬೆವರು ಹರಿಸುವವರೆಗೆ ಆ ಮೈ ತಡೆದುಕೊಂಡಿತು. ಈಗ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಕುರ್ಚಿಯಲ್ಲಿ ಕೂತು, ರಾತ್ರಿ ಬಂದು ತಡವಾಗಿ ಉಂಡು ಮಲಗುವುದಾಗಿದೆ. ಮುದ್ದೆ ಒಳ್ಳೆಯದೇ, ಆದರೆ ಗುದ್ದಲಿ ಹಿಡಿಯುತ್ತಿದ್ದ ಅಜ್ಜನ ಗಾತ್ರದ ಮುದ್ದೆ ಮೊಮ್ಮಗನಿಗೆ ಬೇಡ. ಗಾತ್ರ ಅರ್ಧ ಮಾಡಿ, ಅವರೆಕಾಳು, ಹುರುಳಿಕಾಳು, ಸೊಪ್ಪಿನ ಸಾರನ್ನು ಎರಡರಷ್ಟು ಮಾಡಿಕೊಳ್ಳಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಬಿಡಿ ಎಂದು ಹೇಳುವಷ್ಟು ಕಠಿಣ ಮನಸ್ಸು ನನಗಿಲ್ಲ, ಒಂದು ತಿಂದು ಕೈತೊಳೆಯಿರಿ.

ಕಡಿಮೆ ತಿಂದರೆ ಮುಪ್ಪು ನಿಧಾನವಾಗುತ್ತದೆಂಬುದಕ್ಕೆ ಮನುಷ್ಯರಲ್ಲೇ ಪುರಾವೆ ಇದೆ. ಅಮೆರಿಕದಲ್ಲಿ ಕ್ಯಾಲರಿ ಎಂಬ ಹೆಸರಿನ ಪ್ರಯೋಗದಲ್ಲಿ ಬೊಜ್ಜಿಲ್ಲದ ಸುಮಾರು 220 ಮಂದಿ ಭಾಗವಹಿಸಿದರು. ಒಂದು ಗುಂಪು ಎರಡು ವರ್ಷ ಆಹಾರದ ಶಕ್ತಿಯನ್ನು ಕಾಲು ಭಾಗ ಕಡಿತ ಮಾಡಬೇಕಿತ್ತು. ಆದದ್ದು ಸುಮಾರು ಶೇ. 12 ಮಾತ್ರ. ಅಷ್ಟಕ್ಕೇ ಡಿಎನ್‌ಎ ಗುರುತುಗಳಿಂದ ಅಳೆದ ಮುಪ್ಪಿನ ವೇಗ ಶೇ. 2ರಿಂದ 3 ತಗ್ಗಿತೆಂದು 2023ರಲ್ಲಿ ವರದಿಯಾಯಿತು. ನಮ್ಮ ಪಕ್ಕದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಮಿತಾಹಾರಿಗಳಾಗಿ, ದಿನವಿಡೀ ದುಡಿಯುತ್ತಾ 111 ವರ್ಷ ಬಾಳಿದ್ದು ನಮಗೆಲ್ಲ ನೆನಪಿಗೆ ಬರುತ್ತದೆ. ಒಬ್ಬರ ಆಯಸ್ಸಿನಿಂದ ವಿಜ್ಞಾನದ ನಿಯಮ ಹುಟ್ಟುವುದಿಲ್ಲ. ಆದರೂ ಸಾವಿರಾರು ಮಕ್ಕಳಿಗೆ ದಿನವೂ ಹೊಟ್ಟೆ ತುಂಬ ಉಣಿಸಿ, ತಾವು ಹಿತಮಿತವಾಗಿ ಉಂಡ ಆ ಕ್ರಮಕ್ಕೆ ಜೀವಶಾಸ್ತ್ರದ ಒಪ್ಪಿಗೆ ಇದೆ. ಬೆಳೆಯುವವರು ಉಣ್ಣಬೇಕು, ಬೆಳೆದವರು ಹಿಡಿತದಲ್ಲಿರಬೇಕು.

ಇಲ್ಲಿ ಕೂತಿರುವ ಎಪ್ಪತ್ತು ದಾಟಿದ ಹಿರಿಯರಿಗೆ ಬೇರೆಯೇ ಮಾತು. ಈ ವಯಸ್ಸಿನಲ್ಲಿ ತಾನಾಗಿ ತೂಕ ಇಳಿದರೆ ಸಂತೋಷಪಡಬೇಡಿ, ವೈದ್ಯರನ್ನು ಕಾಣಿ. ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತಿರುತ್ತದೆ. ಕೈಯೂರದೆ ಕುರ್ಚಿಯಿಂದ ಏಳಲು ಆಗುತ್ತದೆಯೇ ಎಂದು ನೋಡಿಕೊಳ್ಳಿ. ದಿನವೂ ಹತ್ತು ಹದಿನೈದು ಸಲ ಹಾಗೆ ಎದ್ದು ಕೂತರೆ ತೊಡೆಯ ಶಕ್ತಿ ಉಳಿಯುತ್ತದೆ. ಪ್ರತಿ ಊಟದಲ್ಲೂ ಬೇಳೆಯೋ ಮೊಸರೋ ಮೊಟ್ಟೆಯೋ ಇರಲಿ.

ದುಡ್ಡು ಕೊಟ್ಟರೆ ಟೆಲೊಮಿಯರ್ ಉದ್ದ ಅಳೆದು ‘ನಿಮ್ಮ ನಿಜವಾದ ವಯಸ್ಸು’ ಹೇಳುವ ಪರೀಕ್ಷೆಗಳು ಬಂದಿವೆ, ಉದ್ದ ಮಾಡುತ್ತೇವೆನ್ನುವ ಮಾತ್ರೆಗಳೂ ಬಂದಿವೆ. ಎರಡಕ್ಕೂ ದುಡ್ಡು ಸುರಿಯಬೇಡಿ. ಒಂದೇ ವಯಸ್ಸಿನ ಆರೋಗ್ಯವಂತರಲ್ಲೇ ಆ ಉದ್ದ ಬಹಳ ಹೆಚ್ಚುಕಡಿಮೆ ಇರುತ್ತದೆ. ಉದ್ದ ಇದ್ದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ, ಹುಟ್ಟಿನಿಂದಲೇ ತೀರಾ ಉದ್ದ ಟೆಲೊಮಿಯರ್ ಇರುವವರಿಗೆ ಕೆಲವು ಬಗೆಯ ಕ್ಯಾನ್ಸರ್ ಅಪಾಯ ಹೆಚ್ಚು. ಆ ದುಡ್ಡಿನಲ್ಲಿ ಬಿಪಿ, ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಒಂದು ಟೇಪು ಕೊಂಡು ಮನೆಯಲ್ಲಿಡಿ.

ಉಳಿದದ್ದು ಹೆಣ್ಣುಮಕ್ಕಳ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮೈಸೂರಿನ ಅಂಕಿಗಳನ್ನು ಓದಿದವರು ಬಸುರಿ ಹೆಂಗಸಿಗೆ ಚೆನ್ನಾಗಿ ಉಣಿಸಿ ಎಂದು ಹೇಳಿ ಸುಮ್ಮನಾಗಬಹುದು. ಬಸುರಾದ ಮೇಲೆ ಉಣಿಸುವುದಕ್ಕೆ ನಮ್ಮಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ಇದೆ, ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಸಿಗುತ್ತದೆ. ಆದರೆ ಹೊಟ್ಟೆಯಲ್ಲಿ ಕೂಸಿನ ಅಂಗಾಂಗಗಳು ಮೂಡುವುದು ಮೊದಲ ಎಂಟು ಹತ್ತು ವಾರಗಳಲ್ಲಿ, ಎಷ್ಟೋ ಸಲ ಬಸುರಿಯರ ‘ತಾಯಿ ಕಾರ್ಡ್’ ಮಾಡಿಸುವುದಕ್ಕೂ ಮುಂಚೆ. ಆಗ ತಾಯಿಯ ಮೈಯಲ್ಲಿ ಏನಿದೆಯೋ ಅದೇ ಕೂಸಿನ ಪಾಲು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. 20ರಿಂದ 24ರ ವಯಸ್ಸಿನ ಐವರಲ್ಲಿ ಒಬ್ಬರಿಗೆ 18 ತುಂಬುವ ಮೊದಲೇ ಮದುವೆಯಾಗಿದೆ ಎನ್ನುತ್ತದೆ 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ತಾನೇ ಇನ್ನೂ ಬೆಳೆಯಬೇಕಾದ ಹುಡುಗಿ ಹೊಟ್ಟೆಯ ಕೂಸಿಗೆ ಏನನ್ನು ಕೊಟ್ಟಾಳು?

ಆದ್ದರಿಂದ ಇಲ್ಲಿರುವ ಅಪ್ಪ ಅಮ್ಮಂದಿರಲ್ಲಿ, ಮೇಷ್ಟ್ರು ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟು. ಎಂಟನೇ ತರಗತಿಯಿಂದ ಕಾಲೇಜು ಮುಗಿಯುವವರೆಗೆ ಹುಡುಗಿಯರ ತೂಕ, ಎತ್ತರ, ಹಿಮೋಗ್ಲೋಬಿನ್ ಅನ್ನು ವರ್ಷಕ್ಕೆರಡು ಸಲ ನೋಡಿ ಬರೆದಿಡಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವರು ನಿಜವಾಗಿ ನುಂಗುತ್ತಾರೆಯೇ ಎಂದು ನೋಡಿ. ಮನೆಯಲ್ಲಿ ಮೊಟ್ಟೆ ಒಂದೇ ಇದ್ದರೆ ಅದು ಮಗನ ತಟ್ಟೆಗೇ ಹೋಗಬೇಕಿಲ್ಲ. ಬೆಳಗಿನ ಬಸ್ಸಿಗೆ ಓಡುವ ಹುಡುಗಿ ತಿಂಡಿ ಬಿಟ್ಟು ಹೋಗದಂತೆ, ಕೈಗೊಂದು ರಾಗಿ ರೊಟ್ಟಿಯನ್ನಾದರೂ ಸುತ್ತಿಕೊಡಿ. ಮದುವೆಗೆ ತೆಳ್ಳಗಾಗಬೇಕೆಂದು ಊಟ ಬಿಡುವ ಮಗಳನ್ನು ಗದರಿಸಬೇಡಿ, ಕೂರಿಸಿಕೊಂಡು ಮೈಸೂರಿನ ಆ 517 ಜನರ ಕಥೆ ಹೇಳಿ. ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಮೇಜಿನ ಹತ್ತಿರ ಆಶಾ ಕಾರ್ಯಕರ್ತೆಯರು ಟೇಪು, ತಕ್ಕಡಿ ಇಟ್ಟುಕೊಂಡು ಕೂರುತ್ತಾರೆ. ಗಂಡಸರೂ ಬಂದು ಅಳೆಸಿಕೊಂಡು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.